ಮಡೋನಾಗೆ 64 ಮಾರ್ಕ್ಸು

ವಿಮರ್ಶಕರು ಅಂದರೆ ನನಗೆ ಮೊದಲು ನೆನಪಾಗುವುದು ಯಾವ ಪತ್ರಿಕೆಯೂ ಅಲ್ಲ, ನಮ್ಮ ದೊಡ್ಡಪ್ಪ.

1998ರಲ್ಲಿ ಮಡೋನಾಳ ‘ರೇ ಆಫ್ ಲೈಟ್’ ಕ್ಯಾಸೆಟ್ ತಂದಿದ್ದೆ. ಮನೆಯಲ್ಲಿ ಇದ್ದದ್ದು ಒಂದೇ ಟೇಪ್‌ರೆಕಾರ್ಡರ್, ಅದೂ ನಡುಮನೆಯಲ್ಲಿ. ಬೆಳಗ್ಗೆ ಸುಪ್ರಭಾತ, ಸಂಜೆ ದೇವರನಾಮ. ನಡುವೆ ಸಿಕ್ಕ ಸಂದಿಯಲ್ಲಿ ನನ್ನ ಮಡೋನಾ. ಆ ಆಲ್ಬಮ್ಮಿನಲ್ಲಿ ‘ಶಾಂತಿ/ಅಷ್ಟಾಂಗಿ’ ಅಂತ ಒಂದು ಹಾಡಿದೆ. ಸಂಸ್ಕೃತದ್ದು. “ವಂದೇ ಗುರೂಣಾಂ ಚರಣಾರವಿಂದೇ” ಅಂತ ಶುರುವಾಗುತ್ತದೆ, ಹಿಂದೆ ಡಬಡಬ ಬೀಟು. ಶಂಕರಾಚಾರ್ಯರದ್ದು ಎನ್ನುವ ‘ಯೋಗತಾರಾವಳಿ’ಯ ಶ್ಲೋಕ. ಮೈಸೂರಿನ ಲಕ್ಷ್ಮೀಪುರದಲ್ಲಿ ಪಟ್ಟಾಭಿ ಜೋಯಿಸರು ಕಲಿಸುತ್ತಿದ್ದ ಅಷ್ಟಾಂಗ ಯೋಗದವರು ಅಭ್ಯಾಸಕ್ಕೆ ನಿಲ್ಲುವ ಮೊದಲು ಅದನ್ನೇ ಹೇಳುವುದು. ಮಡೋನಾಗೆ ಆಗ ಆ ಯೋಗದ ಹುಚ್ಚು ಹಿಡಿದಿತ್ತು. ಹಾಗಾಗಿ ಮೈಸೂರಿನ ಶ್ಲೋಕ ಅಮೆರಿಕ ಸುತ್ತಿ, ಕ್ಯಾಸೆಟ್ ಹತ್ತಿ, ನಮ್ಮ ನಡುಮನೆಗೆ ಬಂದಿತ್ತು. ದೊಡ್ಡಪ್ಪ ಕೇಳಿದರೆ ಕುಣಿದಾಡ್ತಾರೆ ಅಂದುಕೊಂಡೆ.

ದೊಡ್ಡಪ್ಪ ಹೈಸ್ಕೂಲಿನಲ್ಲಿ ಸಂಸ್ಕೃತ ಮೇಷ್ಟ್ರು. ಕೈಯಲ್ಲಿದ್ದ ಕಾಫಿ ಲೋಟ ಕೆಳಗಿಟ್ಟು, ಕಣ್ಣು ಮುಚ್ಚಿ, ಹಾಡು ಪೂರ್ತಿ ಕೇಳಿದರು.

“ಣಕಾರ ಎಲ್ಲಿ ಹೋಯ್ತೋ?”

ಅಷ್ಟೇ. ಲೋಟ ಎತ್ತಿಕೊಂಡರು.

ಆ ಆಲ್ಬಮ್ಮನ್ನು ಅಲ್ಲಿಯ ಪತ್ರಿಕೆಗಳು ತಲೆ ಮೇಲೆ ಹೊತ್ತು ಮೆರೆಸಿದವು. ಮಾರನೇ ವರ್ಷ ಗ್ರ್ಯಾಮಿ ಪ್ರಶಸ್ತಿಗಳೂ ಬಂದವು. ನನಗೆ ಮಾತ್ರ ಣಕಾರವೇ ಕಣ್ಣಲ್ಲಿ ಬಿದ್ದ ಕಸ. ಎರಡು ದಿನ ದೊಡ್ಡಪ್ಪನ ಎದುರು ಬೀಳಲಿಲ್ಲ. “ಪಾಪ್ ಸಂಗೀತ ಅಂದ್ರೆ ಅವರಿಗೇನು ಗೊತ್ತು?” ಅಂತ ಅಮ್ಮನ ಮುಂದೆ ಹಾರಾಡಿದೆ. ಅಮ್ಮ ಹುರುಳಿಕಾಯಿ ನಾರು ತೆಗೆಯುತ್ತಾ, “ಣ ಇಲ್ವಲ್ಲೋ. ಇಲ್ಲ ಅಂದ್ರು, ಅಷ್ಟೇ ತಾನೆ” ಅಂದಳು. ಇಲ್ಲ ಅನ್ನುವುದು ನನಗೂ ಕೇಳಿಸಿತ್ತು. ಸಿಟ್ಟು ಬಂದದ್ದೇ ಅದಕ್ಕೆ.

ಹಳೇ ಅಭಿಮಾನಿಗೆ ಹೊಸ ಆಲ್ಬಮ್ಮಿನ ಐಬು ವಿಮರ್ಶಕನಿಗಿಂತ ಮೊದಲೇ ಗೊತ್ತಾಗುತ್ತದೆ. ಮೂವತ್ತು ವರ್ಷ ಕೇಳಿದ ದನಿ ಅಲ್ವಾ. 2012ರಲ್ಲಿ ಮಡೋನಾಳ ‘ಎಂಡಿಎನ್‌ಎ’ ಬಂದಾಗ ಅದರಿಂದ ಮೊದಲು ಬಿಡುಗಡೆಯಾದ ಹಾಡು ಕೇಳಿ ಗೆಳೆಯನೊಬ್ಬ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದ. 53 ವರ್ಷದವಳು ಚಿಯರ್‌ಲೀಡರ್ ಹುಡುಗಿಯರಿಂದ ತನ್ನ ಹೆಸರನ್ನೇ ಕೂಗಿಸಿಕೊಂಡಿದ್ದಾಳೆ. “ಏನೋ ಇದು, ಕಾಲೇಜ್ ಸ್ಪೋರ್ಟ್ಸ್ ಡೇ ಥರ ಇದೆ” ಅಂದ. ನಾನೂ ಹೂಂ ಅಂದೆ. ಇಬ್ಬರೂ ಅರ್ಧ ಗಂಟೆ ಅವಳನ್ನು ಬೈದೆವು. ಪ್ರೀತಿಯಿಂದಲೇ, ಊರಿಗೆ ಹೋಗಿ ಫೋನ್ ಮಾಡದ ಅಕ್ಕನನ್ನು ಬೈದ ಹಾಗೆ.

ಆಮೇಲೆ ವಿಮರ್ಶೆಗಳು ಬಂದವು. ಹೆಚ್ಚುಕಡಿಮೆ ಅದನ್ನೇ ಹೇಳಿದವು: ಇಪ್ಪತ್ತರ ಹುಡುಗಿಯರ ಬೆನ್ನು ಹತ್ತಿದ್ದಾಳೆ, ಬೇಕಿತ್ತಾ? ಅದೇ ಗೆಳೆಯ ಮತ್ತೆ ಫೋನ್ ಮಾಡಿದ. “ನೋಡಿದ್ಯಾ ಈ ಮಹಾನುಭಾವರನ್ನ? ಇವರು ಹಾಡು ಕೇಳಲ್ಲ ಕಣೋ, ವಯಸ್ಸು ನೋಡ್ತಾರೆ!” ನಮ್ಮ ಬಳಗದಲ್ಲಿ ಮಡೋನಾ ಯಾವತ್ತೂ ಏಕವಚನ. ಬಹುವಚನ ಏನಿದ್ದರೂ ವಿಮರ್ಶಕರಿಗೆ, ಅದೂ ಬೈಯುವಾಗ.

ಮೆಟಾಕ್ರಿಟಿಕ್ ಅಂತ ಒಂದು ವ್ಯವಸ್ಥೆ ಇದೆ. ಎಲ್ಲ ವಿಮರ್ಶೆಗಳನ್ನೂ ಕೂಡಿಸಿ, ಭಾಗಿಸಿ, ನೂರಕ್ಕೆ ಇಷ್ಟು ಅಂತ ಒಂದು ಅಂಕ ಕೊಡುತ್ತದೆ. ‘ಎಂಡಿಎನ್‌ಎ’ಗೆ ಬಂದದ್ದು 64. ನಮ್ಮ ಎಸ್‌ಎಸ್‌ಎಲ್‌ಸಿ ಲೆಕ್ಕದಲ್ಲಿ ಫಸ್ಟ್ ಕ್ಲಾಸು, ಪೇಡೆ ಹಂಚಬಹುದು. ಆದರೆ ಬಳಗದಲ್ಲಿ ಸೂತಕ. ಯಾವ ಪತ್ರಿಕೆ ಎಷ್ಟು ಕೊಟ್ಟಿತು, ಯಾರು ಕೈ ಬಿಗಿ ಹಿಡಿದರು, ಆ ಒಬ್ಬನನ್ನು ಬಿಟ್ಟರೆ ಸರಾಸರಿ ಎಷ್ಟಾಗುತ್ತಿತ್ತು ಅಂತೆಲ್ಲ ಕುಳಿತು ಲೆಕ್ಕ ಹಾಕಿದವರಿದ್ದಾರೆ. ಲೆಕ್ಕದ ಪರೀಕ್ಷೆಯಲ್ಲಿ ನಾನೇ ಇಷ್ಟು ಕೂಡಿಸಿ ಕಳೆದಿರಲಿಲ್ಲ.

ಅಷ್ಟರಲ್ಲಿ ಮಾರಾಟದ ಅಂಕಿ ಬಂತು. ಅಮೆರಿಕದಲ್ಲಿ ಮೊದಲ ವಾರ 3,59,000 ಪ್ರತಿ, ಪಟ್ಟಿಯಲ್ಲಿ ನಂಬರ್ ಒನ್. ನಾವು ಎದೆ ಉಬ್ಬಿಸಿದೆವು. ಎರಡನೇ ವಾರ 48,000ದ ಆಸುಪಾಸಿಗೆ ಬಂದು ಕೂತಿತು. ಕಛೇರಿಯ ಟಿಕೆಟ್ ಕೊಂಡವರಿಗೆಲ್ಲ ಆಲ್ಬಮ್ ಜೊತೆಗೇ ಸೇರಿಸಿ ಕೊಟ್ಟಿದ್ದರಂತೆ, ಮೊದಲ ವಾರದ ಲೆಕ್ಕ ಉಬ್ಬಿದ್ದು ಹಾಗೆ. ಮಾತು ಬದಲಾಯಿಸಿದೆವು.

ಫೇಲಾದವರಿಗೆ ಮರುಮೌಲ್ಯಮಾಪನ ಇದ್ದೇ ಇದೆ. ಇದರ ದೊಡ್ಡ ಉದಾಹರಣೆ ಅಮೆರಿಕದ ಹಾಡುಗಾರ ಬಾಬ್ ಡಿಲನ್. 1970ರಲ್ಲಿ ಅವನ ‘ಸೆಲ್ಫ್ ಪೋರ್ಟ್ರೇಟ್’ ಬಂದಾಗ ಗ್ರೀಲ್ ಮಾರ್ಕಸ್ ಎಂಬ ವಿಮರ್ಶಕ ‘ರೋಲಿಂಗ್ ಸ್ಟೋನ್’ ಪತ್ರಿಕೆಯಲ್ಲಿ ಬರೆದ ಮೊದಲ ವಾಕ್ಯವನ್ನು ಹಿರಿಯರ ಮುಂದೆ ಹೇಳುವ ಹಾಗಿಲ್ಲ. ಸ್ವಲ್ಪ ತೊಳೆದು ಹೇಳಿದರೆ “ಏನಿದು ಹೇಸಿಗೆ?” ಅಂತ. 43 ವರ್ಷ ಆದ ಮೇಲೆ, 2013ರಲ್ಲಿ, ಆ ಕಾಲದ ಉಳಿದ ಹಾಡುಗಳನ್ನು ಸೇರಿಸಿ ‘ಅನದರ್ ಸೆಲ್ಫ್ ಪೋರ್ಟ್ರೇಟ್’ ತಂದರು. ಜೊತೆಗಿಟ್ಟ ಪುಸ್ತಿಕೆಗೆ ಪ್ರಬಂಧ ಬರೆದವರು ಯಾರು ಅಂತೀರಿ? ಅದೇ ಗ್ರೀಲ್ ಮಾರ್ಕಸ್! ಡಿಲನ್ ಅಭಿಮಾನಿಗಳಿಗೆ ಎಷ್ಟು ಹಾಲು ಕುಡಿದಷ್ಟು ಸಂತೋಷ ಆಗಿರಬೇಡ.

ಎಲ್ಲ ಸಲವೂ ಅಭಿಮಾನಿಯದ್ದೇ ತಪ್ಪು ಅಂತ ನಾನು ಒಪ್ಪಲಾರೆ. 2015ರಲ್ಲಿ ಬಿಬಿಸಿಯ ರೇಡಿಯೋ 1 ಮಡೋನಾಳ ‘ಲಿವಿಂಗ್ ಫಾರ್ ಲವ್’ ಹಾಡನ್ನು ತನ್ನ ಪ್ಲೇಲಿಸ್ಟಿಗೆ ಸೇರಿಸಿಕೊಳ್ಳಲಿಲ್ಲ. ನಮ್ಮ ಕೇಳುಗರು ಚಿಕ್ಕ ವಯಸ್ಸಿನವರು, ಅವರಿಗೆ ಇದು ಹೊಂದಲ್ಲ ಅನ್ನುವ ಧಾಟಿಯ ಸಮಜಾಯಿಷಿ ಬಂತು. ಒಳ್ಳೇ ಹಾಡದು, ಈಗಲೂ ಹೇಳುತ್ತೇನೆ. ಗಂಡಸು ಹಾಡುಗಾರ ಮುದುಕನಾದರೆ ‘ಮಾಗಿದ’ ಅಂತಾರೆ, ಹೆಂಗಸಾದರೆ ‘ಇನ್ನೂ ಹಾಡ್ತಿದಾಳಾ’ ಅಂತಾರೆ. ಅವತ್ತು ಗೆಳೆಯ ಕೂಗಾಡಿದಾಗ ನಾನೂ ಜೊತೆಗೆ ಕೂಗಾಡಿದೆ.

ಆದರೆ ಕೂಗಾಟಕ್ಕೂ ಒಂದು ಹೊಸಿಲು ಇರುತ್ತದೆ. 2024ರಲ್ಲಿ ಟೇಲರ್ ಸ್ವಿಫ್ಟ್‌ಳ ಹೊಸ ಆಲ್ಬಮ್ಮಿನ ವಿಮರ್ಶೆಯನ್ನು ‘ಪೇಸ್ಟ್’ ಪತ್ರಿಕೆ ಬರೆದವರ ಹೆಸರೇ ಇಲ್ಲದೆ ಪ್ರಕಟಿಸಿತು. 2019ರಲ್ಲಿ ಅವಳ ಇನ್ನೊಂದು ಆಲ್ಬಮ್ಮಿನ ಬಗ್ಗೆ ಬರೆದವರಿಗೆ ಬೆದರಿಕೆ ಬಂದಿತ್ತು, ಅದಕ್ಕೇ ಹೀಗೆ ಅಂತ ಅವರೇ ಹೇಳಿಕೊಂಡರು. ಹಾಡಿನ ವಿಮರ್ಶೆ ಮೂಗರ್ಜಿಯಾಗಿಬಿಟ್ಟಿತಲ್ಲ! ಅಭಿಮಾನಿಗಳನ್ನು ದೇವರು ಅಂತ ಕರೆದ ರಾಜಕುಮಾರ್ ಅವರ ನಾಡಿನವನು ನಾನು. ದೇವರು ಮೈಮೇಲೆ ಬಂದರೆ ಏನಾಗುತ್ತದೆ ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ನಾನು ದೊಡ್ಡಪ್ಪನ ಮೇಲೆ ಮಾಡಿದ್ದು ಹೆಚ್ಚೆಂದರೆ ಎರಡು ದಿನದ ಮುನಿಸು. ಮೂರನೇ ದಿನ ಅವರ ಸೈಕಲ್ ಬೇಕಾಗಿತ್ತು, ರಾಜಿಯಾದೆ.

ಆ ಸಂಜೆ ಸೈಕಲ್ ಬೀಗದ ಕೈ ಕೊಡುವಾಗ ಅವರು, “ಹುಡುಗಿ ಶ್ರುತಿ ಮಾತ್ರ ಬಿಟ್ಟಿಲ್ಲ ಕಣೋ” ಅಂದಿದ್ದರು. ನಾನು ಕೇಳಿಸಿಕೊಳ್ಳದವನ ಹಾಗೆ ಹೊರಟೆ. 64 ಕೊಟ್ಟವರಿಗಿಂತ ಧಾರಾಳವಾಗಿ ಕೊಟ್ಟಿದ್ದರು ಅಂತ ಈಗ ಅನ್ನಿಸುತ್ತದೆ.

ದೊಡ್ಡಪ್ಪ ಹೋಗಿ ಹತ್ತು ವರ್ಷದ ಮೇಲಾಯ್ತು. ಕ್ಯಾಸೆಟ್ಟೂ ಎಲ್ಲೋ ಕಳೆದುಹೋಯಿತು, ಹಾಡು ಫೋನಿನಲ್ಲಿದೆ. ಈಗಲೂ ‘ಗುರೂಣಾಂ’ ಬರುವ ಹೊತ್ತಿಗೆ ನನ್ನ ಹೆಬ್ಬೆರಳು ತಾನಾಗಿ ಹೋಗಿ ವಾಲ್ಯೂಮ್ ಒಂದು ಚೂರು ತಗ್ಗಿಸುತ್ತದೆ.