ಬೈಪಾಸ್‌ನಲ್ಲಿ ಸಿಕ್ಕ ಟೆಲ್ಕೋ

ಹೋದ ತಿಂಗಳು ಬೆಳಗಾವಿಯಿಂದ ಬರುವಾಗ ಹುಬ್ಬಳ್ಳಿ–ಧಾರವಾಡ ಬೈಪಾಸ್ ಹತ್ತಿರ ಕಾರು ಪಕ್ಕಕ್ಕೆ ಹಾಕಿದೆ. "ಏನಾಯ್ತ್ರೀ, ಪಂಕ್ಚರಾ?" ಎಂದು ಹೆಂಡತಿ ಕೇಳಿದಳು. "ಅಲ್ಲ, ಟೆಲ್ಕೋ" ಎಂದೆ. ಹಿಂದಿನ ಸೀಟಿನಲ್ಲಿದ್ದ ಮಗಳು "ಅಪ್ಪಾ, ಮತ್ತೆ ಕ್ರೇನಾ!" ಎಂದು ಹಣೆ ಚಚ್ಚಿಕೊಂಡಳು.

ಹೌದು, ಮತ್ತೆ ಕ್ರೇನೇ. ಹಕ್ಕಿ ನೋಡಲು ರಂಗನತಿಟ್ಟಿಗೆ ಹೋಗುವವರಿಗೆ ಮರ್ಯಾದೆ ಇದೆ. ರೈಲು ಇಂಜಿನ್ ಹಿಂದೆ ಬಿದ್ದವರನ್ನೂ ಜನ ಹೇಗೋ ಸಹಿಸಿಕೊಳ್ಳುತ್ತಾರೆ. ರಸ್ತೆ ಕೆಲಸದ ಧೂಳಿನಲ್ಲಿ ನಿಂತು ಹಳೆ ಕ್ರಾಲರ್ ಕ್ರೇನ್ ನೋಡುವವನನ್ನು ಮಾತ್ರ ಸೈಟಿನ ವಾಚ್‌ಮನ್ ಕೂಡ ಅನುಮಾನದಿಂದ ನೋಡುತ್ತಾನೆ. ನಮ್ಮಂಥವರು ಇದ್ದೇವೆ, ಏನ್ ಮಾಡೋದು.

ಊರೊಳಗೆ ಕಂಬ ಎತ್ತಿಕೊಂಡು ಓಡಾಡುವ ಹೈಡ್ರಾ ಬೇರೆ. ನಾನು ಹೇಳುತ್ತಿರುವುದು ಚಕ್ರದ ಬದಲು ಉಕ್ಕಿನ ಚೈನ್ ಮೇಲೆ ನಡೆಯುವ, ಜಾಲರಿಯಂಥ ಉದ್ದ ತೋಳು, ಅಂದರೆ ಬೂಮ್, ಇರುವ ದೊಡ್ಡ ಯಂತ್ರದ ಬಗ್ಗೆ. ಬೈಪಾಸ್‌ನಲ್ಲಿ ಕಂಡದ್ದಕ್ಕೆ ಎಷ್ಟು ಸಲ ಬಣ್ಣ ಬಳಿದಿದ್ದರೋ. ಆದರೂ ಬಣ್ಣದ ಅಡಿಯಿಂದ 955 ಎಂಬ ಅಂಕಿ ಇಣುಕುತ್ತಿತ್ತು. ಟೆಲ್ಕೋ 955 ಎಎಲ್‌ಸಿ. 75 ಟನ್ ಎತ್ತುವಂಥದ್ದು.

ಟೆಲ್ಕೋ ಅಂದರೆ ಇವತ್ತಿನ ಟಾಟಾ ಮೋಟಾರ್ಸ್‌ನ ಹಳೆ ಹೆಸರು. ಅಮೆರಿಕದ ಪಿ ಆಂಡ್ ಎಚ್ ಕಂಪನಿಯ ಜೊತೆ ಸೇರಿ, 1961ರಿಂದ ಜಮ್‌ಶೆಡ್‌ಪುರದಲ್ಲಿ ಇಂಥ ಯಂತ್ರಗಳನ್ನು ಮಾಡತೊಡಗಿದರು. ಪಾಲಿಂಗ್ ಮತ್ತು ಹಾರ್ನಿಷ್‌ಫೆಗರ್ ಎಂಬ ಇಬ್ಬರು 1884ರಲ್ಲಿ ಮಿಲ್ವಾಕಿಯಲ್ಲಿ ವರ್ಕ್‌ಶಾಪ್ ತೆರೆದಿದ್ದರು. ಪಿ ಒಬ್ಬರದು, ಎಚ್ ಇನ್ನೊಬ್ಬರದು. ಆಮೇಲೆ ಟೆಲ್ಕೋಗೆ ಜಪಾನಿನ ಹಿಟಾಚಿ ಜೊತೆಯಾಯಿತು. ಆ ವಿಭಾಗವೇ ಬೇರೆ ಕಂಪನಿಯಾಗಿ ಈಗ ಟಾಟಾ ಹಿಟಾಚಿ. ಅದರ ಧಾರವಾಡದ ಫ್ಯಾಕ್ಟರಿಯನ್ನು ನಾವು ಸ್ವಲ್ಪ ಹೊತ್ತಿನ ಹಿಂದೆಯಷ್ಟೇ ದಾಟಿ ಬಂದಿದ್ದೆವು. ಮೊಮ್ಮಗ ಒಳಗೆ ಫ್ಯಾಕ್ಟರಿ ನಡೆಸುತ್ತಿದ್ದಾನೆ, ಅಜ್ಜ ಹೊರಗೆ ಬಿಸಿಲಲ್ಲಿ ಕೂಲಿ ಮಾಡುತ್ತಿದ್ದಾನೆ!

ಈ ಫೋಟೋ ಗೆಳೆಯರಿಗೆ ಕಳಿಸಿದರೆ ಒಬ್ಬನಾದರೂ "ಓಲ್ಡ್ ಈಸ್ ಗೋಲ್ಡ್" ಅನ್ನುತ್ತಾನೆ. ನನ್ನ ತಕರಾರು ಇರುವುದು ಇಲ್ಲೇ. ಯಾವ ಕಂಟ್ರಾಕ್ಟರೂ ಪ್ರೀತಿಗೆ ಹಳೆ ಕ್ರೇನ್ ಇಟ್ಟುಕೊಳ್ಳುವುದಿಲ್ಲ. ಅದರ ಸಾಲ ಯಾವತ್ತೋ ತೀರಿದೆ, ಬಾಡಿಗೆ ಕಡಿಮೆ. ಇನ್ನೊಂದು ಕಾರಣವೂ ಇದೆ. ಅದು ಗೊತ್ತಾದ ಮೇಲೆ ನನಗೆ ಈ ಯಂತ್ರಗಳ ಮೇಲೆ ಹುಚ್ಚು ಜಾಸ್ತಿಯಾಯಿತು.

ಹೊಸ ಹೈಡ್ರಾಲಿಕ್ ಕ್ರೇನ್‌ನಲ್ಲಿ ಭಾರ ಇಳಿಸುವಾಗಲೂ ಮೋಟರೇ ಹಗ್ಗ ಬಿಡುತ್ತದೆ. ನಿಧಾನ, ಒಂದೇ ಹದ. ಹಳೆಯದರಲ್ಲಿ ಒಂದು ಡೀಸೆಲ್ ಇಂಜಿನ್, ಅದರಿಂದ ಗೇರು, ಕ್ಲಚ್ಚು, ಹಗ್ಗ ಸುತ್ತುವ ಡ್ರಮ್ಮು. ಕ್ಲಚ್ ಬಿಟ್ಟು, ಬ್ರೇಕ್ ಮೇಲಿನ ಕಾಲು ಸಡಿಲಿಸಿದರೆ ಭಾರ ತನ್ನ ತೂಕಕ್ಕೆ ತಾನೇ ಬೀಳುತ್ತದೆ. ಸೇತುವೆಯ ಪೈಲ್‌ಗೆ, ಅಂದರೆ ಅಡಿಪಾಯದ ಕಂಬಕ್ಕೆ, ಗುಂಡಿ ತೋಡುವಾಗ ಬಂಡೆ ಸಿಕ್ಕರೆ ಬೇಕಾಗುವುದು ಇದೇ ಹೊಡೆತ. ಬಂಡೆ ಒಡೆಯುವ, ಟನ್‌ಗಟ್ಟಲೆ ತೂಕದ ಉಕ್ಕಿನ ಚಿಸೆಲ್ ಎತ್ತು, ಬಿಡು. ಎತ್ತು, ಬಿಡು. ಹೊಸ ಯಂತ್ರದಲ್ಲಿ ಇದು ಬೇಕೆಂದರೆ ಅದಕ್ಕೆಂದೇ ಮಾಡಿದ ವಿಂಚ್ ಇರಬೇಕು. ಈಗ ಬಹಳ ಕಡೆ ತಿರುಗುತ್ತಾ ಕೊರೆಯುವ ರೋಟರಿ ರಿಗ್ಗೇ ಗುಂಡಿ ತೋಡುತ್ತದೆ. ಕ್ರೇನಿಗೆ ಕಂಬಿಯ ಕೇಜ್ ಇಳಿಸುವ, ಕಾಂಕ್ರೀಟ್ ಹಾಕುವಾಗ ಪೈಪ್ ಹಿಡಿದುಕೊಳ್ಳುವ ಕೆಲಸ. ಬೈಪಾಸ್‌ನ ಟೆಲ್ಕೋ ಮಾತ್ರ ಇನ್ನೂ ಚಿಸೆಲ್ ಹೊಡೆಯುತ್ತಿತ್ತು.

ಇದರ ಬೆಲೆ ಕೊಡುವುದು ಆಪರೇಟರನ ಕಾಲು. ಚಿಸೆಲ್ ತಳ ಮುಟ್ಟುವ ಕ್ಷಣಕ್ಕೆ ಸರಿಯಾಗಿ ಬ್ರೇಕ್ ಒತ್ತಬೇಕು. ತಡವಾದರೆ ಡ್ರಮ್ ಸುತ್ತುತ್ತಲೇ ಇದ್ದು ಹಗ್ಗ ಗೋಜಲಾಗುತ್ತದೆ. ಬೇಗ ಒತ್ತಿದರೆ ಹೊಡೆತಕ್ಕೆ ಬಲವಿಲ್ಲ. ದಿನಕ್ಕೆ ನೂರಾರು ಸಲ ಹೀಗೆ. ಚಹಾ ಹೊತ್ತಿಗೆ ಆ ಆಪರೇಟರ್ ಸಿಕ್ಕ. ಜಾರ್ಖಂಡಿನವನು, ನನ್ನ ಹರಕು ಹಿಂದಿಗೆ ನಗುತ್ತಲೇ ಉತ್ತರ ಕೊಟ್ಟ. ಹಳೆ ಮಷಿನ್ ಇಷ್ಟವಾ ಎಂದು ಕೇಳಿದೆ. ಬಲ ಮೊಣಕಾಲು ತಟ್ಟಿ ತೋರಿಸಿ, "ನಿಮಗೆ ಇಷ್ಟವಾದರೆ ನಾಳೆ ಒಂದು ದಿನ ನೀವೇ ಓಡಿಸಿ ಸಾಹೇಬ್ರೇ, ನಾನು ಫೋಟೋ ತೆಗೀತೀನಿ" ಎಂದ. ನಾನು ಸುಮ್ನೆ ಚಹಾ ಕುಡಿದೆ.

ಕೆಳಗಿದ್ದ ಖಲಾಸಿ ಕೈಯೆತ್ತಿ "ಆರಿಯಾ, ಆರಿಯಾ" ಎಂದು ಕೂಗುತ್ತಿದ್ದ. ಇಳಿಸು ಎಂದು ಅರ್ಥ. ಇದು ಪೋರ್ಚುಗೀಸ್ ಮಾತು, ಹಡಗಿನ ಕೆಲಸಗಾರರಿಂದ ಬಂದದ್ದು. ಸಮುದ್ರವೇ ಇಲ್ಲದ ಧಾರವಾಡದಲ್ಲಿ, ಅಮೆರಿಕದ ನಕ್ಷೆಯ ಜಮ್‌ಶೆಡ್‌ಪುರದ ಕ್ರೇನಿಗೆ, ಹಡಗಿನ ಭಾಷೆಯಲ್ಲಿ ಆರ್ಡರ್! ನಾನು ಮಿಲ್ವಾಕಿಯ ಇಬ್ಬರ ಹೆಸರು ಬಾಯಿಪಾಠ ಮಾಡಿಕೊಂಡಿದ್ದೇನೆ, ಈ ಖಲಾಸಿಯ ಹೆಸರು ಕೇಳಲೇ ಇಲ್ಲ. ನಮ್ಮ ಹವ್ಯಾಸದ ದೊಡ್ಡ ಕೊರತೆ ಇದೇ ಅನ್ನಿಸುತ್ತದೆ. ಮಾಡೆಲ್ ನಂಬರ್ ಬರೆದುಕೊಳ್ಳುತ್ತೇವೆ, ಬೂಮ್‌ನ ತುಂಡು ಎಣಿಸಿ ಉದ್ದ ಲೆಕ್ಕ ಹಾಕುತ್ತೇವೆ, ಲಿವರ್ ಹಿಡಿದವನು ಫೋಟೋದಲ್ಲಿ ಬರೀ ನೆರಳು.

ಹಳೆಯದು ಎಂದ ಮಾತ್ರಕ್ಕೆ ಅಪಾಯ ಅಂತಲೂ ಅಲ್ಲ. ನೋಡಬೇಕಾದದ್ದು ಹಗ್ಗದ ಎಳೆ, ಬ್ರೇಕ್ ಲೈನಿಂಗ್, ಬೂಮ್‌ನ ಓರೆ ಪೈಪುಗಳು. ಒಮ್ಮೆ ಇನ್ನೊಂದು ಸೈಟ್‌ನಲ್ಲಿ ಅಂಥ ಪೈಪೊಂದು ಬಾಗಿದ್ದು ಕಂಡು ಎಂಜಿನಿಯರ್‌ಗೆ ಹೇಳಿದೆ. "ನೀವ್ಯಾರ್ರೀ?" ಎಂದರು. ಪ್ರಶ್ನೆ ಸರಿಯೇ, ಆದರೆ ಪೈಪ್ ಬಾಗಿತ್ತು. ಅಂದಹಾಗೆ, 75 ಟನ್ ಎಂಬುದು ಭಾರ ಕ್ರೇನಿನ ಮಗ್ಗುಲಲ್ಲೇ ಇದ್ದಾಗಿನ ಲೆಕ್ಕ. 20 ಮೀಟರ್ ದೂರಕ್ಕೆ ಬೂಮ್ ಚಾಚಿದರೆ ಅದರ ಕಾಲುಭಾಗವೂ ಎತ್ತಲಾಗದು. ಹೊಸದರಲ್ಲಿ ಮಿತಿ ಮೀರಿದರೆ ಅಲಾರಂ ಕೂಗುತ್ತದೆ. ಹಳೆಯದರಲ್ಲಿ ಬೇರೆ ತಂದು ಕೂರಿಸದಿದ್ದರೆ ಎಷ್ಟು ದೂರಕ್ಕೆ ಎಷ್ಟು ಭಾರ ಎಂಬ ಚಾರ್ಟು ಮತ್ತು ಆಪರೇಟರನ ಅನುಭವ, ಅಷ್ಟೇ. ಹಾಗಾಗಿ ನೋಡುವವರು ಬ್ಯಾರಿಕೇಡ್ ಆಚೆಯೇ ನಿಲ್ಲಿ. ಒಳ್ಳೆ ಆಂಗಲ್ ಸಿಗಲಿಲ್ಲ ಎಂದು ಬೂಮ್ ಅಡಿಗೆ ಹೋಗುವವರನ್ನು ನಾನು ಗೆಳೆಯರ ಲೆಕ್ಕಕ್ಕೆ ಸೇರಿಸುವುದಿಲ್ಲ.

ಮೊನ್ನೆ ಮತ್ತೆ ಆ ದಾರಿಯಲ್ಲಿ ಹೋದೆ. ಬೂಮ್ ಇಳಿಸಿ, ಪಿನ್ ತೆಗೆದು, ತುಂಡುಗಳನ್ನು ಸಾಲಾಗಿ ಮಲಗಿಸಿದ್ದರು. ಟ್ರೇಲರ್ ಬಂದು ನಿಂತಿತ್ತು. ಎಲ್ಲಿಗೆ ಎಂದು ಕೇಳಿದರೆ ಡ್ರೈವರ್ "ಅಂಕೋಲಾ ಕಡೆ" ಎಂದ. ಆ ಕಡೆಯವರು ಯಾರಾದರೂ ಇದ್ದರೆ ಕಣ್ಣಿಟ್ಟಿರಿ. ಬಣ್ಣದ ಅಡಿಯಲ್ಲಿ 955 ಕಾಣುತ್ತದೆ. ಅದೇ ಆಪರೇಟರ್ ಬಂದಿದ್ದರೆ, ಮೊಣಕಾಲು ಹೇಗಿದೆ ಎಂದು ಕೇಳಿ. ಖಲಾಸಿಯ ಹೆಸರನ್ನೂ.