ಬಣ್ಣ ಮುಟ್ಟಿ ನೋಡುವವರು

ಹಸಿ ಬಣ್ಣ ಕಂಡರೆ ಮನುಷ್ಯನ ಹೆಬ್ಬೆರಳು ಯಾಕೆ ಸುಮ್ಮನಿರುವುದಿಲ್ಲ? ಮನೆಯ ಹಳೆಯ ಫಿಯಾಟ್ ಕಾರನ್ನು ಶೆಡ್ಡಿನಲ್ಲಿ ನಾನೇ ಸರಿಮಾಡುತ್ತಿದ್ದೇನೆ. ಮೊನ್ನೆ ಅದರ ಬಾನೆಟ್ಟಿಗೆ ಕಡೆಯ ಕೋಟು ಹೊಡೆದು, ಥಿನ್ನರಿನಲ್ಲಿ ಸ್ಪ್ರೇ ಗನ್ನು ತೊಳೆಯುತ್ತಿದ್ದೆ. ಪಕ್ಕದ ಮನೆಯ ಮಾಸ್ತರರು ವಾಕಿಂಗ್ ಮುಗಿಸಿ, ಕೈಯಲ್ಲಿ ಹಾಲಿನ ಪಾಕೀಟು ಹಿಡಿದುಕೊಂಡು ಶೆಡ್ಡಿನೊಳಗೆ ಬಂದರು. "ಒಣಗೇತೇನ್ರಿ?" ಎಂದರು. "ಇಲ್ರೀ ಸರ" ಎನ್ನಲು ನಾನು ಬಾಯಿ ತೆರೆಯುವಷ್ಟರಲ್ಲಿ ಬೆರಳು ಒತ್ತಿ ಆಗಿತ್ತು. "ಇನ್ನೂ ಹಸಿ ಐತಿ ನೋಡ್ರಿ" ಎಂದು ನನಗೇ ತಿಳಿಸಿ, ಬೆರಳನ್ನು ಶೆಡ್ಡಿನ ಪತ್ರಾಸಿಗೆ ಒರೆಸಿ ಹೊರಟುಹೋದರು. ನಮ್ಮ ಅಣ್ಣನಿಗೆ ಗಣಿತ ಕಲಿಸಿದವರು. ಏನು ಹೇಳಲಿಕ್ಕೆ ಆಗುತ್ತದೆ?

ಹಳೆಯ ಎನ್‌ಸಿ (ನೈಟ್ರೊಸೆಲ್ಯುಲೋಸ್) ಬಣ್ಣವಾಗಿದ್ದರೆ ಈ ತಾಪತ್ರಯ ಇರುತ್ತಿರಲಿಲ್ಲ. ಅದು ಕೆಲವೇ ನಿಮಿಷಗಳಲ್ಲಿ ಮುಟ್ಟುವಷ್ಟು ಒಣಗುತ್ತದೆ. ಅದಕ್ಕೇ ಅದು ಗೆದ್ದದ್ದು. ಅದು ಬರುವ ಮುಂಚೆ ಕಾರಿಗೆ ಬಣ್ಣ ಹೊಡೆದು ಒಣಗಿಸುವುದು ವಾರಗಟ್ಟಲೆ ಕೆಲಸ. ಜನರಲ್ ಮೋಟರ್ಸ್‌ನವರು 1924ರ ಓಕ್‌ಲ್ಯಾಂಡ್ ಕಾರಿಗೆ ಡ್ಯುಪಾಂಟ್ ಕಂಪನಿಯ ಡ್ಯೂಕೋ ಹೊಡೆದ ಮೇಲೆ ಅದು ತಾಸುಗಳ ಲೆಕ್ಕಕ್ಕೆ ಇಳಿಯಿತು. ಆದರೆ ಧಾರವಾಡದ ಜಿಟಿಜಿಟಿ ಮಳೆಗೆ ಎನ್‌ಸಿ ಒಗ್ಗುವುದಿಲ್ಲ. ಥಿನ್ನರು ಭರ್ರನೆ ಹಾರುವಾಗ ತಗಡು ತಣ್ಣಗಾಗುತ್ತದೆ, ಹವೆಯ ತೇವ ಬಣ್ಣದ ಮೇಲೆ ಕೂಡುತ್ತದೆ, ಹೊಡೆದ ಬಣ್ಣ ನೋಡನೋಡುತ್ತ ಬಿಳಿಚಿಕೊಳ್ಳುತ್ತದೆ. ಹೀಗಾಗಿ ಮಿಸ್ತ್ರಿ "ಪಿಯುನ ಹೊಡೀರಿ ಸಾಹೇಬ್ರ" ಎಂದ. ಪಿಯುಗೆ, ಅಂದರೆ ಪಾಲಿಯುರೆಥೇನ್ ಬಣ್ಣಕ್ಕೆ, ಹೊಳಪು ಜಾಸ್ತಿ, ಬಾಳಿಕೆ ಜಾಸ್ತಿ. ಒಣಗಲಿಕ್ಕೆ ಮಾತ್ರ ಹೊತ್ತು ಬೇಕು. ಜೊತೆಗೆ ಅದರ ಹಾರ್ಡನರಿನಲ್ಲಿರುವ ಐಸೊಸಯನೇಟು ಎದೆಗೆ ಕೆಟ್ಟದ್ದು, ಮೂಗಿಗೆ ಬರೀ ಟವೆಲ್ ಕಟ್ಟಿಕೊಂಡರೆ ನಡೆಯುವುದಿಲ್ಲ, ಸರಿಯಾದ ಮಾಸ್ಕೇ ಬೇಕು. ಕೆಲಸ ಮಾಡುವವನ ಬಾಯಿ ಹೀಗೆ ಮುಚ್ಚಿರುತ್ತದೆ. ಸಲಹೆ ಕೊಡುವವರ ಬಾಯಿಗೆ ಅಂಥ ನಿರ್ಬಂಧವೇನೂ ಇಲ್ಲ.

ಸಲಹೆಯವರಾದರೂ ಬೇಕು, ಪ್ರಶ್ನೆಯವರು ಬೇಡ. "ಎವರೇಜ್ ಎಷ್ಟ ಕೊಡ್ತೈತ್ರಿ?" ಎಂಜಿನ್ನು ಹೊರಗೆ ಗೋಣಿಚೀಲದ ಮೇಲೆ ಕೂತಿದೆ. ನಾಲ್ಕೂ ಗಾಲಿ ಬಿಚ್ಚಿ ಗಾಡಿಯನ್ನು ಕಟ್ಟಿಗೆಯ ದಿಮ್ಮಿಗಳ ಮೇಲೆ ನಿಲ್ಲಿಸಿದ್ದೇನೆ. ಆದರೂ ಎವರೇಜು! "ಸದ್ಯಕ್ಕ ಸೊನ್ನೆ ರೀ" ಎಂದರೆ ಸಿಟ್ಟಾಗುತ್ತಾರೆ. ಇನ್ನೊಬ್ಬರು ದಾರಿಯಲ್ಲಿ ಹೋಗುತ್ತಿದ್ದವರು ಬೈಕು ನಿಲ್ಲಿಸಿ ಬಂದು, ಬಾಗಿಲಿಲ್ಲದ ಕಾರಿನಲ್ಲಿ ಕೂತು, ಸ್ಟೇರಿಂಗಿನ ಗೇರು ಮೇಲೆ ಕೆಳಗೆ ಎಳೆದು ನೋಡಿ, "ಗುಜರಿಗೆ ಹಾಕಿದ್ರ ಚೊಲೊ ರೊಕ್ಕ ಬರ್ತಾವ" ಎಂದು ಹೇಳಿ ಹೋದರು. ಯಾರೋ ಏನೋ. ಹೆಸರೂ ಹೇಳಲಿಲ್ಲ.

ಮೂರನೆಯ ಜಾತಿಯವರೆಂದರೆ ಒರಿಜಿನಲ್ ಮಂದಿ, ಎಲ್ಲವೂ ಕಂಪನಿಯಿಂದ ಬಂದ ಹಾಗೇ ಇರಬೇಕು ಎನ್ನುವವರು. ನನ್ನ ಹುಬ್ಬಳ್ಳಿಯ ಗೆಳೆಯ ಆ ಪೈಕಿ. ನಮ್ಮದು 1975ರ ಗಾಡಿ. ಮನೆಯಲ್ಲಿ ಫಿಯಾಟ್ ಅನ್ನುತ್ತೇವೆ, ಓಣಿಯೂ ಫಿಯಾಟ್ ಅನ್ನುತ್ತದೆ. ಕಾಗದದಲ್ಲಿ ಮಾತ್ರ ಪ್ರೀಮಿಯರ್ ಪದ್ಮಿನಿ, 1089 ಸಿಸಿ, ಮುಂಬೈ ಕುರ್ಲಾದ ಫ್ಯಾಕ್ಟರಿಯದು. ಗೆಳೆಯನ ಪ್ರಕಾರ ಐವತ್ತು ವರ್ಷ ದಾಟಿದ ಗಾಡಿಗೆ ಹೊಸ ಗಾಡಿಯ ಮರ್ಯಾದೆ ಕೊಡಬಾರದು, ವಿಂಟೇಜ್ ಅಂತ ಮಾಡಿಸಬೇಕು. 2021ರಲ್ಲಿ ಬಂದ ನಿಯಮದಲ್ಲಿ ಅದಕ್ಕೆ ಬೇರೆಯೇ ನಂಬರು, ನಡುವೆ 'ವಿಎ' ಎಂದಿರುತ್ತದೆ, ರಿಜಿಸ್ಟ್ರೇಷನ್ನಿಗೆ 20,000 ರೂಪಾಯಿ. ಎಲ್ಲ ಸರಿ. ಆದರೆ ಅಂಥ ಗಾಡಿಯನ್ನು ಪ್ರದರ್ಶನಕ್ಕೆ, ರ‍್ಯಾಲಿಗೆ, ಪೆಟ್ರೋಲು ಹಾಕಿಸಲಿಕ್ಕೆ, ರಿಪೇರಿಗೆ ಒಯ್ಯಬಹುದೇ ವಿನಾ ದಿನಬಳಕೆಗೆ ಓಡಿಸುವ ಹಾಗಿಲ್ಲ. ಇದನ್ನು ಕಾಕುವಿಗೆ, ಅಂದರೆ ಚಿಕ್ಕಮ್ಮನಿಗೆ, ಹೇಳಿದೆ. "ಹಂಗಾರ ಶನಿವಾರ ನುಗ್ಗೀಕೇರಿ ಹನುಮಪ್ಪಗ ಹೋಗೂದು ರ‍್ಯಾಲಿಯೊಳಗ ಬರ್ತದನು?" ಎಂದು ಕೇಳಿದಳು. ಅಲ್ಲಿಗೆ ವಿಂಟೇಜಿನ ವಿಚಾರ ಮುಗಿಯಿತು.

ಗಾಡಿ ಕಾಕಾನದು. ಕಾಕಾ ಹೋದ ಮೇಲೆ ಮಾಳಮಡ್ಡಿಯ ಮನೆಯ ಹಿತ್ತಲಿನ ಶೆಡ್ಡಿನಲ್ಲೇ ನಿಂತಿತ್ತು. ನೆಲದ ತಗಡು ತಿಂದುಹೋಗಿತ್ತು, ಹಿಂದಿನ ಸೀಟಿನಲ್ಲಿ ಬೆಕ್ಕು ಮರಿ ಹಾಕಿತ್ತು. ಟಿಂಕರಿಂಗು, ಪುಟ್ಟಿ, ಪ್ರೈಮರು, ವಾಟರ್ ಪೇಪರು ಇವೆಲ್ಲ ಹೇಗೋ ಆದವು. ಅವುಗಳಲ್ಲಿ ಹೇಳುವಂಥದ್ದೇನೂ ಇಲ್ಲ, ಉಜ್ಜುವುದು, ಮತ್ತೆ ಉಜ್ಜುವುದು. ನಿಂತುಹೋದದ್ದು ಬಣ್ಣದ ಹತ್ತಿರ. ಕಾಕಾನ ಕಾಲದಲ್ಲಿ ಗಾಡಿಯ ಬಣ್ಣ ಯಾವುದು?

ಅಣ್ಣ ಬೂದಿ ಎಂದ. ಅವನ ಸಾಕ್ಷಿ ಒಂದು ಫೋಟೊ. ಅದು ಕಪ್ಪು ಬಿಳುಪಿನದು, ಅದರಲ್ಲಿ ಕಾಕಾನೂ ಬೂದಿಯೇ. ತಂಗಿಯ ಮಗ ಪುಣೆಯಿಂದ ಅದೇ ಫೋಟೊಕ್ಕೆ ಮೊಬೈಲಿನಲ್ಲಿ ಬಣ್ಣ ತುಂಬಿ ಕಳಿಸಿದ. ಕಾರು ಕುಂಕುಮ ಕೆಂಪು, ಕಾಕಾನ ಧೋತರ ಗುಲಾಬಿ. ಒರಿಜಿನಲ್ ಗೆಳೆಯ ಬಂದು ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿ, ಬ್ಲೇಡಿನಿಂದ ಕೆರೆದ. ಬಿಳಿ ಬಂತು, ಅದರ ಕೆಳಗೆ ನೀಲಿಯಂಥದ್ದು, ಅದರ ಕೆಳಗೆ ಕ್ರೀಮು. ಕ್ರೀಮೇ ಕಂಪನಿಯ ಬಣ್ಣ ಎಂದು ಕುಣಿದ. ಗಾಡಿ ಕ್ರೀಮ್ ಇದ್ದದ್ದು ನಮ್ಮ ಮನೆಯಲ್ಲಿ ಯಾರಿಗೂ ನೆನಪಿಲ್ಲ. ಕಾಕಾ ಕೊಂಡಾಗಲೇ ಅದು ಒಂದು ಕೈ ದಾಟಿ ಬಂದ ಗಾಡಿ. ಕಾಕು ಬಗ್ಗಿ ನೋಡಿ, "ಅದು ಬಣ್ಣಲ್ಲೋ ತಮ್ಮಾ, ಮೈಲಿಗಿ. ಚಲೋತ್ನಂಗ ಒರಸು" ಎಂದಳು.

ಆಮೇಲೆ ಅವಳ ತೀರ್ಪು ಬಂತು. "ನನ್ನ ಕುಬಸದಾಗ ಗದಗಿಗೆ ಕರಕೊಂಡು ಹೋದಾಗ ಗಾಡಿ ನನ್ನ ಕಣದ ಬಣ್ಣದ್ದೇ ಇತ್ತು. ದಾರಿಯೊಳಗ ಅಣ್ಣಿಗೇರಿಯೊಳಗ ಚಾಕ್ಕ ನಿಂತಾಗ ಮಂದಿ ನಿಂತು ನೋಡಿದ್ರು." ಮಂದಿ ನೋಡಿದ್ದು ಕಾರನ್ನೋ ಕಾಕುವನ್ನೋ ನಾವು ಕೇಳಲಿಲ್ಲ. ಆ ಸೀಮಂತದ ಕಣ, ಅಂದರೆ ರವಿಕೆಯ ಬಟ್ಟೆ, ಎಲ್ಲಿದೆ ಎಂದು ಕೇಳಿದೆ. ಟ್ರಂಕಿನಿಂದ ಒಂದು ಕೌದಿ ಹೊರಬಂತು. ಅದರ ಒಂದು ಮೂಲೆಯಲ್ಲಿ, ಅಂಗೈ ಅಗಲ, ಗುಳೇದಗುಡ್ಡದ ಕಣದ ತುಂಡು. ಕತ್ತರಿಸಿಕೊಳ್ಳಲೇ ಎಂದೆ. ಕಾಕು ನನ್ನನ್ನು ನೋಡಿದ ರೀತಿಗೆ ಕತ್ತರಿಯನ್ನು ತಂದ ಜಾಗದಲ್ಲೇ ಇಟ್ಟೆ. ಮೊಬೈಲಿನಲ್ಲಿ ಫೋಟೊ ತೆಗೆದರೆ ಒಂದರಲ್ಲಿ ಹಸಿರು, ಇನ್ನೊಂದರಲ್ಲಿ ನೀಲಿ. ಇನ್ನೇನು ಮಾಡುವುದು? ಇಡೀ ಕೌದಿಯನ್ನೇ ಹುಬ್ಬಳ್ಳಿಗೆ ಒಯ್ಯಬೇಕಾಯಿತು.

ಜುಬಿಲಿ ಸರ್ಕಲ್ಲಿನಲ್ಲಿ ಚಿಗರಿ ಬಸ್ಸು ಹಿಡಿಯಲು ಹೋದೆ. ಟಿಕೆಟ್ಟು ತೋರಿಸಿ ಒಳಗೆ ಬಿಡುವ ಆ ಗೇಟು ಮನುಷ್ಯರಿಗಾಗಿ ಮಾಡಿದ್ದು, ಮನುಷ್ಯ ಮತ್ತು ಕೌದಿಗಾಗಿ ಅಲ್ಲ. ನಾನು ದಾಟಿದೆ, ಕೌದಿ ಹಿಂದೆ ಉಳಿಯಿತು. ಸೆಕ್ಯುರಿಟಿಯವನು ಅದನ್ನು ಮೇಲಿಂದ ಎತ್ತಿ ಕೊಟ್ಟು, ಬಹಳ ಮೆತ್ತಗಿನ ದನಿಯಲ್ಲಿ "ಹುಷಾರ್ರಿ" ಎಂದ. ಆ ಮೆತ್ತಗಿನ ದನಿ ಯಾಕೆಂದು ಬಸ್ಸು ಹತ್ತಿದ ಮೇಲೆ ತಿಳಿಯಿತು. ತುಂಬಿದ ಬಸ್ಸಿನಲ್ಲಿ ಒಬ್ಬ ಹುಡುಗ ಎದ್ದು ಸೀಟು ಬಿಟ್ಟ. ಪಕ್ಕದಲ್ಲಿ ಕೂತಿದ್ದ ಹೆಣ್ಣುಮಗಳು ಕೌದಿಯನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿ, "ಎಸ್‌ಡಿಎಂಗೋ, ಕಿಮ್ಸ್‌ಗೋ?" ಎಂದು ಕೇಳಿದಳು.

ಎರಡೂ ದೊಡ್ಡ ಆಸ್ಪತ್ರೆಗಳು. ಹುಬ್ಬಳ್ಳಿ ಧಾರವಾಡದ ನಡುವೆ ಹಾಸಿಗೆ ಹೊತ್ತು ಹೋಗುವ ಮನುಷ್ಯನಿಗೆ ಬೇರೆ ಊರೇ ಇಲ್ಲ. "ಇಲ್ರೀ ಯವ್ವಾ, ಪೇಂಟಿನ ಅಂಗಡಿಗೆ" ಎಂದೆ. ಅವಳಿಗೆ ಅದು ಕೇಳಿಸಲೇ ಇಲ್ಲ. "ಯಾರಿಗ ಅರಾಮಿಲ್ರಿ?" ಎಂದಳು. "ಕಾರಿಗ್ರಿ." "ಕಾಕಾರಿಗೇನು? ಪಾಪ." ಇಲ್ಲಿ ತಿದ್ದಬಹುದಿತ್ತು. ಆದರೆ ಅಷ್ಟರಲ್ಲಿ ಮುಂದಿನ ಸೀಟಿನವರು ತಿರುಗಿ ತಮ್ಮ ಬೀಗರ ಕಿಡ್ನಿ ಸ್ಟೋನಿನ ಕಥೆ ಸುರುಮಾಡಿದ್ದರು. ಸತ್ತೂರು ಬಂದಾಗ "ಇಲ್ಲೇ ಇಳೀರಿ" ಎಂದು ಇಬ್ಬರು ಎಬ್ಬಿಸಲು ನೋಡಿದರು. ನಾನು ಅಲ್ಲಾಡಲಿಲ್ಲ. ಹಾಗಾದರೆ ಕಿಮ್ಸೇ ಎಂದು ತೀರ್ಮಾನವಾಯಿತು. ನವನಗರ ದಾಟಿತು, ಉಣಕಲ್ ದಾಟಿತು. ಕೌದಿ ಯಾರು ಹೊಲಿದದ್ದು, ಹೊಲಿಗೆ ಎಷ್ಟು ಸಣ್ಣದು, ಈಗಿನವರಿಗೆ ಇದೆಲ್ಲ ಎಲ್ಲಿ ಬರುತ್ತದೆ ಎಂದು ಒಂದು ಸಭೆಯೇ ನಡೆಯಿತು. ಒಬ್ಬಾಕೆ ಮೂಲೆ ಎತ್ತಿ ನೋಡಿ "ಕಣ ಗುಳೇದಗುಡ್ಡದ್ದು" ಎಂದು ಸರಿಯಾಗಿಯೇ ಹೇಳಿದಳು. ಕಿಮ್ಸ್ ಸ್ಟಾಪು ಬಂದಾಗ ಇಡೀ ಬಸ್ಸು ನನಗೆ ದಾರಿ ಬಿಟ್ಟು ನಿಂತಿತು. ಅಷ್ಟು ಜನರ ಮುಂದೆ ಕೂತೇ ಇರುವ ಧೈರ್ಯ ನನಗಿರಲಿಲ್ಲ, ಇಳಿದೆ. ಇಳಿಯುವಾಗ ಆ ಹೆಣ್ಣುಮಗಳು ಬಾಳೆಹಣ್ಣು ಕೈಗೆ ತುರುಕಿ, "ಕಾಕಾರಿಗೆ ಕೊಡ್ರಿ" ಎಂದಳು. ಮುಂದಿನ ಬಸ್ಸಿಗೆ ಕಾಯುತ್ತಾ ನಾನೇ ತಿಂದೆ. ಚೆನ್ನಾಗಿದ್ದವು.

ದುರ್ಗದಬೈಲಿನ ಆಚೆಯ ಪೇಂಟಿನ ಅಂಗಡಿಯವನು ಕೌದಿ ಕಂಡು ನಗಲಿಲ್ಲ. ಅದೊಂದು ದೊಡ್ಡ ಉಪಕಾರ. ಬಣ್ಣ ಓದುವ ಮಷೀನನ್ನು ಕಣದ ಮೇಲೆ ಇಟ್ಟ. ಅದು ಏನೋ ಒಂದು ಮಂಕು ಬಣ್ಣ ತೋರಿಸಿತು. ಮಷೀನನ್ನು ಬದಿಗಿಟ್ಟು, ಕೌದಿಯನ್ನು ಬಾಗಿಲ ಬೆಳಕಿಗೆ ಒಯ್ದು, ಅತ್ತ ಇತ್ತ ವಾಲಿಸಿದ. "ಸರ, ಹಾಸು ನೀಲಿ ಐತಿ, ಹೊಕ್ಕು ಹಸರ ಐತಿ. ಯಾವ ಎಳಿ ಹಿಡೀಲಿ?" ಎಂದ.

ಇದಕ್ಕೆ ಉತ್ತರ ನನ್ನ ಹತ್ತಿರ ಇರಲಿಲ್ಲ, ಕಾಕು ಫೋನು ಎತ್ತಲಿಲ್ಲ. ಅಂಗಡಿಯಲ್ಲಿ ಡಿಸ್ಟೆಂಪರು ಕೊಳ್ಳಲು ಬಂದವರು, ಟರ್ಪೆಂಟೈನು ಕೊಳ್ಳಲು ಬಂದವರು, ಚಾ ಕೊಡಲು ಬಂದ ಹುಡುಗ ಎಲ್ಲರೂ ಕೌದಿಯ ಸುತ್ತ ನೆರೆದರು. ಇದೇ ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿಯ ರಾಷ್ಟ್ರಧ್ವಜ ಮಾಡುತ್ತಾರೆ. ಅಲ್ಲಿ ನೂಲಿಗೆ, ಅಳತೆಗೆ, ಬಣ್ಣಕ್ಕೆ ಎಲ್ಲದಕ್ಕೂ ಐಎಸ್ 1 ಎಂಬ ಮಾನದಂಡವಿದೆ. ಕೇಸರಿ ಎಂದರೆ ಇಂಥದ್ದೇ ಕೇಸರಿ, ಒಂದು ಕೂದಲು ಆಚೀಚೆ ಆಗಕೂಡದು. ಅಲ್ಲಿ ಯಾರ ಕಾಕುವಿನ ನೆನಪನ್ನೂ ಕೇಳುವುದಿಲ್ಲ. ಒಂದು ಗಳಿಗೆ ನನಗೆ ಅಲ್ಲಿನವರ ಮೇಲೆ ಹೊಟ್ಟೆಕಿಚ್ಚಾಯಿತು. ಕೊನೆಗೆ ಚಾ ಹುಡುಗ ಹೇಳಿದ: "ದೂರ ನಿಂತು ನೋಡ್ರಿ, ಹೆಂಗ ಕಾಣ್ತೈತೋ ಅದನ್ನ ಹಿಡೀರಿ." ಕೌದಿಯನ್ನು ಇಬ್ಬರು ಹಿಡಿದು ರಸ್ತೆಯ ಆ ಬದಿಗೆ ಹೋಗಿ ನಿಂತರು. ನಡುವೆ ಒಂದು ಆಟೋ, ಎರಡು ಆಕಳು. ಅಂಗಡಿಯವನು ಕಣ್ಣು ಸಣ್ಣದು ಮಾಡಿ ನೋಡುತ್ತಾ ಹನಿ ಹನಿ ಬೆರೆಸಿದ. ಈಗ ಬಾನೆಟ್ಟಿನ ಮೇಲಿರುವುದು ಆ ಬಣ್ಣ.

ಚಾ ಹುಡುಗನಿಗೆ ನಾನು ಋಣಿ. ಒರಿಜಿನಲ್ ಗೆಳೆಯನಿಗೆ ಈ ಕಥೆ ಹೇಳಿದಾಗಿನಿಂದ ಅವನು ಫೋನು ಮಾಡಿಲ್ಲ. ಮಾಡದಿದ್ದರೆ ಬೇಡ. ಶೆಡ್ಡು ನಮ್ಮದು, ರೊಕ್ಕ ನನ್ನದು, ರಟ್ಟೆ ನೋಯುವುದು ನನಗೆ. ಅವನ ಗಾಡಿಗೆ ಅವನು ಬೇಕಾದರೆ ಬರೀ ಪ್ರೈಮರು ಹೊಡೆದು ನಿಲ್ಲಿಸಲಿ.

ಮಾಸ್ತರರ ಬೆರಳಿನ ಗುರುತು ಬಣ್ಣ ಗಟ್ಟಿಯಾದ ಮೇಲೆ 1500, 2000 ನಂಬರಿನ ಪೇಪರು ನೀರಿನಲ್ಲಿ ಉಜ್ಜಿ, ಕಾಂಪೌಂಡು ಹಾಕಿದರೆ ಹೋಗುತ್ತದೆ. ಅದು ದೊಡ್ಡ ಮಾತಲ್ಲ. ದೊಡ್ಡ ಮಾತೆಂದರೆ ಹಿಂದಿನ ಮನೆಯವರು ಮಾಳಿಗೆಯ ಮೇಲೆ ಬ್ಯಾಡಗಿ ಮೆಣಸಿನಕಾಯಿ ಹರವಿದ್ದಾರೆ. ಖಾರ ಕುಟ್ಟಿಸುವ ಮುಂಚೆ ಹಿಂಬದಿಯ ಬಾಗಿಲುಗಳನ್ನು ಮುಗಿಸದಿದ್ದರೆ ಕಾರಿನ ಮೈಯೆಲ್ಲ ಸೀನಿನ ಚಿತ್ತಾರವಾಗುತ್ತದೆ. ಹೋಗಿ ಹೇಳಿದೆ. "ನಿಮ್ಮ ಗಾಡಿ ಸಲುವಾಗಿ ನಾವು ಸಪ್ಪನ ಊಟ ಮಾಡೂಣೇನ್ರಿ?" ಎಂದರು.

ನಿನ್ನೆ ಸಂಜೆ ಕಾಕು ಕುರ್ಚಿ ಹಾಕಿಸಿಕೊಂಡು ಬಾನೆಟ್ಟಿನ ಎದುರು ಕೂತಳು. ಮುಟ್ಟಲಿಲ್ಲ. ಬಹಳ ಹೊತ್ತು ನೋಡಿ, "ಇದು ಸ್ವಲ್ಪ ಹೊಳೀತದ. ಆಗ ಇಷ್ಟ ಹೊಳೀತಿದ್ದಿಲ್ಲ" ಎಂದಳು. ನಾನು ಪಿಯು, ಎನ್‌ಸಿ ಎಂದು ಏನೋ ಹೇಳಲು ಹೊರಟೆ. ಅವಳು ಕೇಳುತ್ತಿರಲಿಲ್ಲ. ತಲೆ ತೂರಿಸಿ ಒಳಗಿನ ಖಾಲಿ ಜಾಗ ನೋಡುತ್ತಿದ್ದಳು.

"ಸೀಟಿಗೆ ಏನ ಹಾಕಸ್ತೀ?"

"ರೆಗ್ಝೀನ್, ಕಾಕು. ಕರೇದು."

"ಥೂ! ನಿಮ್ಮ ಕಾಕಾ ಪಟ್ಟೆ ಪಟ್ಟೆ ಬಟ್ಟಿ ಹಾಕಸಿದ್ದ. ತಡಿ, ಅದರ ತುಂಡು ಇನ್ನೊಂದು ಕೌದ್ಯಾಗ ಅದ. ಅದು ದೊಡ್ಡ ಕೌದಿ" ಎನ್ನುತ್ತಾ ಎದ್ದಳು.