ಬೇಲಿ ದಾಟಿದರೆ ಮಣ್ಣೂ ಖನಿಜ

ನಿಮ್ಮ ಜಮೀನಿನ ಒಂದು ಮೂಲೆಯಲ್ಲಿ ದಿಬ್ಬ ಇದೆ. ಇನ್ನೊಂದು ಮೂಲೆಯಲ್ಲಿ ಮಳೆ ನೀರು ನಿಲ್ಲುವ ತಗ್ಗು. ದಿಬ್ಬ ಕೆರೆದು ತಗ್ಗಿಗೆ ತುಂಬಿದರೆ ಆಯಿತು, ಒಂದು ಜೆಸಿಬಿ, ಅರ್ಧ ದಿನದ ಬಾಡಿಗೆ, ಡ್ರೈವರ್‌ಗೆ ಊಟ ಅಂತ ಲೆಕ್ಕ ಹಾಕಿದ್ದೀರಾ? ಪಾಪ.

2000ದ ಫೆಬ್ರವರಿ 3ರಂದು ಕೇಂದ್ರ ಸರ್ಕಾರ ಒಂದು ಅಧಿಸೂಚನೆ ಹೊರಡಿಸಿತು. ರಸ್ತೆ, ರೈಲು ಹಳಿ, ಏರಿ, ಕಟ್ಟಡ ಕಟ್ಟುವಾಗ ತುಂಬಿಸೋಕೆ, ಮಟ್ಟ ಮಾಡೋಕೆ ಬಳಸುವ ಸಾಮಾನ್ಯ ಮಣ್ಣು ಅವತ್ತಿನಿಂದ ಉಪಖನಿಜ. ಅಜ್ಜ ನಿಮಗೆ ಹೊಲ ಬಿಟ್ಟು ಹೋಗಿದ್ದಾರೆ ಅಂದುಕೊಂಡಿದ್ದಿರಿ. ಅವರು ಬಿಟ್ಟು ಹೋಗಿರೋದು ಗಣಿ!

ಹಾಗಂತ ಎಲ್ಲಾ ಮಣ್ಣೂ ಖನಿಜ ಅಲ್ಲ. ಪುಣೆಯ ಬಿಲ್ಡರ್‌ಗಳು ಇದೇ ವಿಚಾರಕ್ಕೆ ಸುಪ್ರೀಂ ಕೋರ್ಟ್ ತನಕ ಹೋದರು. ಪಾಯ ತೋಡಿದ ಮಣ್ಣನ್ನು ಅದೇ ಸೈಟಿನಲ್ಲಿ ಮಟ್ಟ ಮಾಡಲು ಹಾಕಿದರೆ ಅದು ಖನಿಜ ಆಗುವುದಿಲ್ಲ, ಮಣ್ಣನ್ನು ಯಾವುದಕ್ಕೆ ಬಳಸುತ್ತೀರಿ ಅನ್ನೋದನ್ನು ನೋಡಬೇಕು ಅಂತ 2014ರ ಡಿಸೆಂಬರ್‌ನಲ್ಲಿ ಕೋರ್ಟ್ ಹೇಳಿತು. ಕೋರ್ಟ್ ಹೇಳಿದ್ದು ನ್ಯಾಯವಾಗಿಯೇ ಇದೆ. ಆದರೆ ಅದರಿಂದ ಆಗಿದ್ದೇನು ನೋಡಿ. ನಿಮ್ಮ ದಿಬ್ಬದ ಮಣ್ಣು ನಿಮ್ಮ ಬೇಲಿ ಒಳಗೇ ಉರುಳಾಡಿಕೊಂಡಿದ್ದರೆ ಬರೀ ಮಣ್ಣು. ಪಕ್ಕದ ಮನೆಯವರ ಅಂಗಳ ತುಂಬಿಸೋಕೆ ಟಿಪ್ಪರ್ ಹತ್ತಿದ ಗಳಿಗೆಯಲ್ಲಿ ಅದಕ್ಕೆ ಬಡ್ತಿ. ಪರ್ಮಿಟ್ ಎಲ್ಲಿ, ರಾಜಧನ (ಖನಿಜ ತೆಗೆದಿದ್ದಕ್ಕೆ ಸರ್ಕಾರಕ್ಕೆ ಕೊಡುವ ರಾಯಲ್ಟಿ) ಕಟ್ಟಿದ್ದೀರಾ ಅಂತ ಕೇಳುವವರು ಕ್ರಾಸ್‌ನಲ್ಲೇ ನಿಂತಿರುತ್ತಾರೆ. ಟಿಪ್ಪರ್ ಜಪ್ತಿ ಮಾಡೋಕೆ 1957ರ ಗಣಿ ಕಾಯ್ದೆ ರೆಡಿ ಇದೆ. ಅದೇ ಮಣ್ಣು, ಅದೇ ಬಣ್ಣ, ಅದರೊಳಗೆ ಅದೇ ಎರೆಹುಳು. ಎರೆಹುಳುವಿಗೆ ತಾನು ಈಗ ಖನಿಜದೊಳಗೆ ಇದ್ದೀನಿ ಅಂತ ಯಾರೂ ತಿಳಿಸಿರುವುದಿಲ್ಲ.

ಇನ್ನೊಂದು ಕಡೆ ರಾಜ್ಯ ಸರ್ಕಾರ ಗುಂಡಿ ತೋಡಿ ಅಂತ ದುಡ್ಡು ಕೊಡುತ್ತದೆ. 2014ರಲ್ಲಿ ಶುರುವಾದ ಕೃಷಿ ಭಾಗ್ಯ ಯೋಜನೆಯಲ್ಲಿ ಕೃಷಿ ಹೊಂಡಕ್ಕೆ ಸಹಾಯಧನ ಇದೆ, ಪಾಲಿಥಿನ್ ಹೊದಿಕೆಗೂ ಇದೆ. ಹನ್ನೆರಡು ಮೀಟರ್ ಉದ್ದ, ಅಷ್ಟೇ ಅಗಲ, ಮೂರು ಮೀಟರ್ ಆಳದ ಹೊಂಡ ಅಂದರೆ ಬದಿಗೆ ಇಳಿಜಾರು ಬಿಟ್ಟರೂ ಇನ್ನೂರು ಘನ ಮೀಟರಿಗಿಂತ ಜಾಸ್ತಿ ಮಣ್ಣು ಮೇಲೆ ಬರುತ್ತದೆ. ಬದುವಿಗೆ ಹಾಕಿ ಅಂತಾರೆ. ಹಾಕಿದಿರಿ. ಬದು ಈಗ ಕೋಟೆ ಗೋಡೆ ಥರ ಆಯಿತು, ಆಕಡೆ ಇರುವ ರಾಗಿ ಕಾಣಿಸ್ತಿಲ್ಲ. ಉಳಿದ ಮಣ್ಣು? ಗುಂಡಿಗೆ ಕೃಷಿ ಇಲಾಖೆ, ಗುಡ್ಡೆಗೆ ಗಣಿ ಇಲಾಖೆ. ಇವರಿಬ್ಬರೂ ಒಂದೇ ಊರಿನಲ್ಲಿ ಆಫೀಸ್ ಇಟ್ಟುಕೊಂಡು ಒಬ್ಬರ ಮುಖ ಒಬ್ಬರು ನೋಡುವುದಿಲ್ಲ.

ನಿಮ್ಮ ತಪ್ಪು ಏನು ಅಂದ್ರೆ, ನೀವು ಸಣ್ಣದಾಗಿ ಯೋಚಿಸಿದಿರಿ. ಆ ತಗ್ಗು ಒಂದು ಕೆರೆ ಆಗಿದ್ದಿದ್ದರೆ, ತುಂಬಿಸುವವರು ಸರ್ಕಾರದವರೇ ಆಗಿದ್ದಿದ್ದರೆ, ಕಥೆನೇ ಬೇರೆ. ಬೆಂಗಳೂರಿನಲ್ಲಿ ಧರ್ಮಾಂಬುಧಿ ಕೆರೆ ಮುಚ್ಚಿದ ಜಾಗದಲ್ಲಿ ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್ ಬಂತು. ಸಂಪಂಗಿ ಕೆರೆ ಮೇಲೆ ಕಂಠೀರವ ಕ್ರೀಡಾಂಗಣ. ಕರಗದವರು ಬಿಡದೆ ಕೇಳುತ್ತಾರೆ ಅಂತಲೋ ಏನೋ, ಅಲ್ಲಿ ಒಂದು ಚಿಕ್ಕ ಕೊಳ ಉಳಿದಿದೆ. ಶೂಲೆ ಕೆರೆ ಫುಟ್‌ಬಾಲ್ ಮೈದಾನ ಆಯಿತು, ಚಲ್ಲಘಟ್ಟ ಕೆರೆ ಗಾಲ್ಫ್ ಮೈದಾನ ಆಯಿತು. ಕೋರಮಂಗಲದಲ್ಲಿ 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕೆ ಅಂತ ಕೆರೆ ಜಾಗದಲ್ಲೇ ಕ್ರೀಡಾ ಗ್ರಾಮ ಎದ್ದಿತು. ಬೆಂಗಳೂರಿನ ನೀರಿಗೆ ಮೊದಲಿನಿಂದಲೂ ಆಟದಲ್ಲಿ ಭಾರಿ ಆಸಕ್ತಿ. ಈಗ ಜೋರು ಮಳೆ ಬಂದರೆ ಅದು ತನ್ನ ಹಳೇ ವಿಳಾಸ ಹುಡುಕಿಕೊಂಡು ಬಸ್ ಸ್ಟ್ಯಾಂಡಿಗೇ ಬರುತ್ತದೆ. ಟಿಕೆಟ್ ತಗೊಳಲ್ಲ ಅಷ್ಟೇ.

ತುಂಬಿಸುವುದು ಬೇಡ, ಅಗೆಯುವುದೇ ಬೇಕು ಅಂದರೂ ದೊಡ್ಡದಾಗಿ ಅಗೆಯಿರಿ. 2010ರಲ್ಲಿ ಬೇಲೆಕೇರಿ ಬಂದರಿನಲ್ಲಿ ಲಕ್ಷಗಟ್ಟಲೆ ಟನ್ ಕಬ್ಬಿಣದ ಅದಿರನ್ನು ಅಧಿಕಾರಿಗಳು ಜಪ್ತಿ ಮಾಡಿದರು, ಆಮೇಲೆ ಜಪ್ತಿ ಮಾಡಿದ ಆ ಅದಿರೇ ಬಂದರಿನಿಂದ ಹಡಗು ಹತ್ತಿ ಹೊರಟು ಹೋಯಿತು. ಲಕ್ಷಗಟ್ಟಲೆ ಟನ್ ರೀ! ಯಾರ ಕಣ್ಣಿಗೂ ಬೀಳದೆ! ನಿಮ್ಮ ಒಂದು ಲೋಡು ಕೆಂಪು ಮಣ್ಣು ಮಾತ್ರ ಎರಡು ಮೈಲಿ ಆಚೆಯಿಂದಲೇ ಕಾಣುತ್ತದೆ.

ಇನ್ನೊಂದು ದಾರಿ ಇತ್ತು. 2020ರ ಮಾರ್ಚ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯ, ರಸ್ತೆ, ಪೈಪ್‌ಲೈನ್‌ನಂಥ ಉದ್ದುದ್ದ ಯೋಜನೆಗಳಿಗೆ ಮಣ್ಣು ತೆಗೆಯೋಕೆ ಪರಿಸರ ಅನುಮತಿ ಬೇಡ ಅಂದಿತು. ಎಷ್ಟು ಉದ್ದ ಇದ್ದರೆ ಉದ್ದದ ಯೋಜನೆ? ಹೇಳಲಿಲ್ಲ. ಎಷ್ಟು ಮಣ್ಣು ತೆಗೆಯಬಹುದು? ಅದನ್ನೂ ಹೇಳಲಿಲ್ಲ. ಆಗ ನೀವು ಹೊಂಡವನ್ನು ಚೌಕ ಮಾಡದೆ ಉದ್ದಕ್ಕೆ ಎಳೆದಿದ್ದರೆ ಒಂದು ಕೈ ನೋಡಬಹುದಿತ್ತು. ಆಮೇಲೆ ಆ ಆಸೆಯೂ ಹೋಯಿತು. 2024ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಆ ವಿನಾಯಿತಿಯನ್ನು ರದ್ದು ಮಾಡಿತು.

ರಾತ್ರಿ ಹೊತ್ತು ಬೆಂಗಳೂರಿನ ಹೊರಗೆ ಒಂದು ಸುತ್ತು ಹಾಕಿ. ಖಾಲಿ ಸೈಟುಗಳಲ್ಲಿ ‘ಮಣ್ಣು ಬೇಕಾಗಿದೆ’ ಅಂತ ಬೋರ್ಡ್, ಕೆಳಗೆ ಫೋನ್ ನಂಬರ್. ಮೂರು ಅಂತಸ್ತು ಬೇಸ್‌ಮೆಂಟ್ ತೋಡಿದವರ ಮಣ್ಣು ಅಲ್ಲಿಗೋ, ಹತ್ತಿರದ ರಾಜಕಾಲುವೆ ದಡಕ್ಕೋ ಹೋಗಿ ಬೀಳುತ್ತದೆ, ಬೆಳಗ್ಗೆ ಎದ್ದವರಿಗೆ ಕಾಲುವೆ ಒಂದಿಷ್ಟು ಸಣ್ಣಗಾಗಿರುತ್ತದೆ. ಆ ಹೊತ್ತಿನಲ್ಲಿ ಪರ್ಮಿಟ್ ಕೇಳುವವರು ಮಲಗಿರುತ್ತಾರೆ. ಅವರಿಗೂ ನಿದ್ದೆ ಬೇಕಲ್ವಾ.

ಹಾಗಾಗಿ ನಿಮ್ಮ ದಿಬ್ಬದ ವಿಷಯಕ್ಕೆ ನನ್ನ ಸಲಹೆ ಇಷ್ಟು. ಜೆಸಿಬಿಗೆ ಬರಬೇಡ ಅಂತ ಫೋನ್ ಮಾಡಿ. ಪಹಣಿ, ಸರ್ವೆ ನಕ್ಷೆ, ಒಂದು ಅರ್ಜಿ, ಅರ್ಜಿಯ ಹಿಂದೆ ಓಡಾಡೋಕೆ ಒಂದು ಜೊತೆ ಗಟ್ಟಿ ಚಪ್ಪಲಿ ಇಟ್ಟುಕೊಳ್ಳಿ. ಪಕ್ಕದ ಮನೆಯವರು ನಾಲ್ಕು ಬುಟ್ಟಿ ಮಣ್ಣು ಕೊಡ್ರಿ, ಹೂವಿನ ಕುಂಡಕ್ಕೆ ಅಂತ ಬಂದರೆ, ಕುಂಡವನ್ನೇ ನಿಮ್ಮ ಜಮೀನಿಗೆ ತಂದಿಡೋಕೆ ಹೇಳಿ. ಗಿಡಕ್ಕೆ ನೀರು ಹಾಕೋಕೆ ಅವರೇ ದಿನಾ ಬೇಲಿ ದಾಟಿ ಬರಲಿ.